ಹಳಿ ಪಕ್ಕ ಒಂಟಿಯಾಗಿ ನಿಂತವರಿಗೆ, ಹಳಿ ಮೇಲೆ ಒಬ್ಬರನ್ನು ಕಳೆದುಕೊಂಡ ಮನೆಗೆ: ತುಮಕೂರಿನ ಪಾಸಿನವರು ಮಾಡಬಹುದಾದದ್ದು

ತುಮಕೂರಿನಿಂದ ಬೆಂಗಳೂರಿಗೆ ದಿನಾ ಹೋಗಿಬರುವ ಪಾಸಿನವರಿಗೆ ಇದು ಹೊಸದಲ್ಲ. ಗಾಡಿ ನಡುದಾರಿಯಲ್ಲಿ ನಿಲ್ಲುತ್ತದೆ, ಸ್ವಲ್ಪ ಹೊತ್ತಿಗೆ ‘ಯಾರೋ ಸಿಕ್ಕಾಕ್ಕೊಂಡವ್ರಂತೆ’ ಅನ್ನುವ ಮಾತು ಬೋಗಿಯಿಂದ ಬೋಗಿಗೆ ಬರುತ್ತದೆ. ಆಮೇಲೆ ಕೆಲವರು ಬೈಯುತ್ತಾರೆ, ಕೆಲವರು ಮೊಬೈಲ್ ಹಿಡಿದು ಕೆಳಗಿಳಿಯುತ್ತಾರೆ. ಆ ಬೈಗುಳವಾಗಲಿ ವಿಡಿಯೋ ಆಗಲಿ ಪೊಲೀಸರಿಗಿಂತ ಮೊದಲೇ ಸತ್ತವರ ಮನೆ ತಲುಪಿರುತ್ತದೆ. ಇದರ ಬದಲು ಏನು ಮಾಡಬಹುದು, ಇನ್ನೂ ಮುಖ್ಯವಾಗಿ ಹೀಗಾಗುವ ಮೊದಲೇ ಏನು ಮಾಡಬಹುದು ಎಂಬುದು ಕೆಳಗಿದೆ. ಗುಬ್ಬಿ, ತಿಪಟೂರು ಕಡೆಯವರಿಗೂ, ಬಂಗಾರಪೇಟೆ ಚಿಂತಾಮಣಿ ಮಾರ್ಗದವರಿಗೂ ಇಷ್ಟೇ ಅನ್ವಯಿಸುತ್ತದೆ.

ಓದುತ್ತಿರುವ ನಿಮಗೇ ಬದುಕು ಸಾಕು ಅನಿಸಿದ್ದರೆ ಉಳಿದದ್ದನ್ನು ಆಮೇಲೆ ಓದಿದರಾಯಿತು. ಈಗ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಫೋನ್ ಮಾಡಿ, ಇಲ್ಲವೇ ಹತ್ತಿರದಲ್ಲಿರುವ ಯಾರಿಗಾದರೂ ‘ನನ್ನ ಜೊತೆ ಸ್ವಲ್ಪ ಹೊತ್ತು ಇರಿ’ ಅನ್ನಿ. ಕಾರಣ ಹೇಳಲೇಬೇಕೆಂದೇನಿಲ್ಲ.

ಯಾರನ್ನು ಮಾತಾಡಿಸಬೇಕು

ಗಾಡಿಗೆ ಕಾಯುವವರಿಗೆ ಒಂದು ಚಡಪಡಿಕೆ ಇರುತ್ತದೆ: ಬೋರ್ಡ್ ನೋಡುತ್ತಾರೆ, ಗಾಡಿ ಎಲ್ಲಿಗೆ ಬಂತು ಅಂತ ಪಕ್ಕದವರನ್ನು ಕೇಳುತ್ತಾರೆ, ಬ್ಯಾಗು ಸರಿಮಾಡಿಕೊಳ್ಳುತ್ತಾರೆ. ಇದ್ಯಾವುದೂ ಇಲ್ಲದೆ, ಬಂದ ಗಾಡಿಗಳನ್ನೆಲ್ಲ ಬಿಟ್ಟು, ಜನರಿಲ್ಲದ ತುದಿಯಲ್ಲಿ ಒಬ್ಬರೇ ನಿಂತಿದ್ದರೆ ಗಮನಿಸಿ. ಅಳು, ಸುಮ್ಮನೆ ಅತ್ತಿಂದಿತ್ತ ಓಡಾಟ, ಕರೆದರೂ ಕಿವಿಗೆ ಬೀಳದಂತಹ ನೋಟ ಇದ್ದರೆ ಇನ್ನೂ ಹೆಚ್ಚು ಗಮನ ಕೊಡಿ. ಇವುಗಳಲ್ಲಿ ಒಂದೇ ಇದ್ದರೆ ಏನೂ ಇಲ್ಲದಿರಬಹುದು, ಎರಡು ಮೂರು ಸೇರಿದರೆ ಹತ್ತಿರ ಹೋಗಿ. ನಿಮ್ಮ ಅಂದಾಜು ತಪ್ಪಾದರೆ ‘ಅಯ್ಯೋ, ಏನಿಲ್ಲ ಬಿಡಿ’ ಅನ್ನಿಸಿಕೊಂಡು ವಾಪಸ್ ಬರುತ್ತೀರಿ. ನಷ್ಟ ಅಷ್ಟೇ.

ಮೊದಲ ಮಾತು ತೀರಾ ಸಾಮಾನ್ಯವಾಗಿರಲಿ. ‘ಅಣ್ಣಾ, ಅರಸೀಕೆರೆ ಗಾಡಿ ಹೋಯ್ತಾ?’ ‘ಯಾವೂರಾಯ್ತಕ್ಕ ನಿಮ್ದು?’ ಪ್ರಶ್ನೆ ಚಿಕ್ಕದಾದಷ್ಟೂ ಒಳ್ಳೆಯದು. ಒಳಗೇ ಸುತ್ತುತ್ತಿರುವ ಮನಸ್ಸು ಉತ್ತರ ಕೊಡಲಿಕ್ಕಾದರೂ ಒಂದು ಕ್ಷಣ ಹೊರಗೆ ಬರಬೇಕಾಗುತ್ತದೆ. ಸಾಯಬೇಕೆಂಬ ತೀವ್ರ ಒತ್ತಡ ಹೆಚ್ಚಿನವರಲ್ಲಿ ಅಲೆಯಂತೆ ಏರಿ ಇಳಿಯುತ್ತದೆ. ಅದು ಇಳಿಯುವ ತನಕ ಜೊತೆಗಿರುವುದೇ ನಿಮ್ಮ ಕೆಲಸ, ಅವರ ಬದುಕಿನ ಸಮಸ್ಯೆ ಬಿಡಿಸುವುದಲ್ಲ. ಉತ್ತರ ಬಂದರೆ ‘ಬನ್ನಿ, ಆ ಬೆಂಚ್ ಮೇಲೆ ಕೂತ್ಕಳಾಣ’ ಎಂದು ಹಳಿಯಿಂದ ದೂರ, ಟಿಕೆಟ್ ಕೌಂಟರ್ ಕಡೆ ಕರೆದುಕೊಂಡು ಹೋಗಿ. ನೀರು ಕೊಡಿ, ಟೀ ಕೊಡಿಸಿ. ರಟ್ಟೆ ಹಿಡಿದು ಎಳೆಯಬೇಡಿ. ಹಿಂದಿನಿಂದ ಹೋಗಬೇಡಿ, ಅವರ ಕಣ್ಣಿಗೆ ಬೀಳುವ ಹಾಗೆ ಪಕ್ಕದಿಂದ ಹೋಗಿ. ನಾಲ್ಕು ಜನ ಸುತ್ತುವರಿದರೆ ಅವಮಾನವೇ ದೊಡ್ಡದಾಗುತ್ತದೆ. ಮಾತಿಗೆ ಒಬ್ಬರು ಸಾಕು, ಇನ್ನೊಬ್ಬರು ಫೋನ್ ನೋಡಿಕೊಳ್ಳಲಿ.

ಸ್ವಲ್ಪ ಹೊತ್ತಾದ ಮೇಲೆ ನೇರವಾಗಿ ಕೇಳಿ: ‘ಸಾಯಬೇಕು ಅಂತ ಅನಿಸ್ತಿದೆಯಾ?’ ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತದೆ ಎಂಬ ಭಯ ಎಲ್ಲರಿಗೂ ಇದೆ. ಅದು ಹಾಗಲ್ಲ. ಯಾರಿಗೂ ಹೇಳಲಾಗದೆ ಕಟ್ಟಿಕೊಂಡಿದ್ದನ್ನು ಒಬ್ಬರು ಹೆಸರಿಟ್ಟು ಕೇಳಿದರೆ ಬಹಳ ಜನಕ್ಕೆ ಎದೆ ಹಗುರಾಗುತ್ತದೆ. ‘ಹೌದು’ ಅಂದರೆ ಗಾಬರಿಯಾಗಬೇಡಿ. ‘ಹೇಳಿದ್ದು ಒಳ್ಳೇದಾಯ್ತು, ನಾನು ಇಲ್ಲೇ ಇರ್ತೀನಿ’ ಅನ್ನಿ.

ನಮ್ಮ ಬಾಯಿಗೆ ಬೇಗ ಬರುವ ಮೂರು ಮಾತು ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ‘ಹೆಂಡ್ತಿ ಮಕ್ಕಳ ಮುಖ ನೋಡಬಾರದಾ’ ಅಂದರೆ, ತಾನು ಅವರಿಗೆ ಹೊರೆ ಎಂದು ಆಗಲೇ ನಂಬಿ ಕೂತವರಿಗೆ ಆ ನೋವನ್ನೇ ಕೆದಕಿದಂತಾಗುತ್ತದೆ. ‘ಇಷ್ಟಕ್ಕೆಲ್ಲ ಯಾರಾದ್ರೂ ಸಾಯ್ತಾರಾ’ ಅಂದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ‘ನಿನಗಿಂತ ಕಷ್ಟದಲ್ಲಿರೋರು ಎಷ್ಟು ಜನ ಇದಾರೆ’ ಎಂಬುದೂ ಅಷ್ಟೇ. ಸಾಲ, ಬೆಳೆ, ಮದುವೆ, ಪರೀಕ್ಷೆ, ಯಾವುದಾದರೂ ಆಗಿರಲಿ, ಪರಿಹಾರ ಹೇಳಲು ಹೋಗದೆ ಕೇಳಿಸಿಕೊಳ್ಳಿ.

ಆಗಲೇ ಹಳಿ ಮೇಲಿದ್ದರೆ

ನೀವು ಹಳಿಗೆ ಇಳಿಯಬೇಡಿ. ಲೋಕೋ ಪೈಲಟ್ ಕಂಡ ತಕ್ಷಣ ಬ್ರೇಕ್ ಹಾಕಿದರೂ ಗಾಡಿ ನಿಲ್ಲಲು ನೂರಾರು ಮೀಟರ್ ಬೇಕು. ಕಾಪಾಡಲು ಹೋದವರೂ ಸಿಕ್ಕಿಕೊಳ್ಳುವುದು ಇದರಿಂದಲೇ. ಗಾಡಿ ಬರುವ ಮೊದಲೇ ಸುದ್ದಿ ಮುಟ್ಟಿಸುವುದು ಅತಿ ವೇಗದ ದಾರಿ. ಸ್ಟೇಷನ್ನಿನಲ್ಲಾದರೆ ಸ್ಟೇಷನ್ ಮಾಸ್ಟರ್ ಕೋಣೆಗೆ ಓಡಿ. ಊರ ಪಕ್ಕದ ಹಳಿಯಾದರೆ ಹತ್ತಿರದ ಗೇಟ್‌ಮ್ಯಾನ್‌ಗೆ ಹೇಳಿ. ಗೇಟಿನಿಂದ ಸ್ಟೇಷನ್ನಿಗೆ ಫೋನ್ ಇರುತ್ತದೆ, ಕೆಂಪು ಬಾವುಟವೂ ಇರುತ್ತದೆ. ಎರಡೂ ದೂರವಾದರೆ ರೈಲ್ವೆ ಸಹಾಯವಾಣಿ 139 ಒತ್ತಿ, ಭದ್ರತೆ ಮತ್ತು ವೈದ್ಯಕೀಯ ನೆರವಿಗೆ 1 ಆರಿಸಿ. ಜೊತೆಯಲ್ಲಿ ಇನ್ನೊಬ್ಬರಿದ್ದರೆ ಅವರು ಅದೇ ಹೊತ್ತಿಗೆ 112ಕ್ಕೆ ಮಾಡಲಿ. ಗಾಯವಾಗಿದ್ದರೆ 108.

ಫೋನಿನಲ್ಲಿ ಬಹಳ ಜನ ಎಡವುವುದು ಜಾಗ ಹೇಳುವಾಗ. ‘ತೋಟದ ಹಿಂದೆ, ದೊಡ್ಡ ಹುಣಸೆಮರದ ಹತ್ರ’ ಅಂದರೆ ಎಲ್ಲೋ ದೂರದಲ್ಲಿ ಕೂತು ಫೋನ್ ಎತ್ತಿದವರಿಗೆ ಏನೂ ಗೊತ್ತಾಗುವುದಿಲ್ಲ. ವಿದ್ಯುತ್ ರೈಲು ಮಾರ್ಗದಲ್ಲಿ ತಂತಿ ಹೊತ್ತ ಪ್ರತಿ ಕಂಬದ ಮೇಲೂ ಎರಡು ಸಂಖ್ಯೆಗಳಿರುತ್ತವೆ. ಮೇಲಿನದು ಕಿಲೋಮೀಟರ್, ಕೆಳಗಿನದು ಆ ಕಿಲೋಮೀಟರಿನೊಳಗಿನ ಕಂಬದ ಸಂಖ್ಯೆ. ಅವೆರಡನ್ನೂ ಓದಿ ಹೇಳಿ, ಜೊತೆಗೆ ಯಾವ ಎರಡು ಸ್ಟೇಷನ್ ನಡುವೆ ಎಂಬುದನ್ನು ಸೇರಿಸಿ. ಗೇಟಿನ ಹತ್ತಿರವಿದ್ದರೆ ಗೇಟಿನ ನಂಬರ್ ಸಾಕು, ಅದು ಬೋರ್ಡಿನ ಮೇಲೆ ಬರೆದಿರುತ್ತದೆ. ಹಳಿ ಪಕ್ಕ ಮನೆ, ತೋಟ ಇರುವವರು ತಮ್ಮ ಜಾಗಕ್ಕೆ ಹತ್ತಿರದ ಕಂಬದ ಸಂಖ್ಯೆಯನ್ನು ಇವತ್ತೇ ಫೋನಿನಲ್ಲಿ ಬರೆದಿಟ್ಟುಕೊಳ್ಳುವುದು ಜಾಣತನ. ಬೇರೆ ಅವಘಡಕ್ಕೂ ಉಪಯೋಗಕ್ಕೆ ಬರುತ್ತದೆ.

‘ಪೊಲೀಸರಿಗೆ ಹೇಳಿದರೆ ಪಾಪ ಅವರ ಮೇಲೆ ಕೇಸಾಗುತ್ತೆ’ ಎಂದು ಸುಮ್ಮನಾಗುವವರಿದ್ದಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಸೆಕ್ಷನ್ ಪ್ರಕಾರ, ಜೀವ ಕಳೆದುಕೊಳ್ಳಲು ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು. ಅದು ಹಾಗಲ್ಲವೆಂದು ಸಾಬೀತಾಗದ ಹೊರತು ವಿಚಾರಣೆಯಿಲ್ಲ, ಶಿಕ್ಷೆಯಿಲ್ಲ. ಅವರಿಗೆ ಆರೈಕೆ ಕೊಡುವುದು ಸರ್ಕಾರದ ಕರ್ತವ್ಯ ಎಂದೂ ಅದೇ ಸೆಕ್ಷನ್ ಹೇಳುತ್ತದೆ. ಆತ್ಮಹತ್ಯೆ ಯತ್ನವನ್ನೇ ಅಪರಾಧ ಎನ್ನುತ್ತಿದ್ದ ಹಳೆಯ ಐಪಿಸಿ 309 ಕೂಡ 2024ರ ಜುಲೈ 1ರಂದು ಭಾರತೀಯ ನ್ಯಾಯ ಸಂಹಿತೆ ಜಾರಿಯಾದ ಮೇಲೆ ಉಳಿದಿಲ್ಲ. ಸರ್ಕಾರಿ ನೌಕರರ ಕೆಲಸಕ್ಕೆ ಒತ್ತಡ ಹಾಕಲೆಂದು ಮಾಡುವ ಯತ್ನಕ್ಕೆ ಮಾತ್ರ 226ನೇ ಸೆಕ್ಷನ್ ಇದೆ.

ಅಲ್ಲಿಂದ ಮುಂದೆ

ಬೆಂಚಿನ ಮೇಲೆ ಕೂರಿಸಿ ಸಮಾಧಾನ ಮಾಡಿದ ಮೇಲೆ ‘ಸರಿ, ಹುಷಾರಾಗಿ ಮನೆಗೆ ಹೋಗಿ’ ಎಂದು ಕಳಿಸಿಬಿಡುವುದು ಎಲ್ಲರೂ ಮಾಡುವ ತಪ್ಪು. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಒಪ್ಪಿಸಬೇಕು. ‘ಮನೇಲಿ ಯಾರ ಮಾತು ನಿಮಗೆ ಹಿಡಿಸುತ್ತೆ?’ ಎಂದು ಕೇಳಿ ಅವರನ್ನೇ ಕರೆಸಿ. ಗಂಡನನ್ನೋ ಅಪ್ಪನನ್ನೋ ನಿಮ್ಮಷ್ಟಕ್ಕೆ ನೀವೇ ಕರೆಸಬೇಡಿ. ನೋವು ಶುರುವಾಗಿರುವುದು ಅಲ್ಲಿಂದಲೇ ಇರಬಹುದು.

14416 ಟೆಲಿ ಮಾನಸ್ ಸಹಾಯವಾಣಿ. 2022ರ ಅಕ್ಟೋಬರ್ 10ರಂದು ಶುರುವಾದದ್ದು, ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ದಿನದ 24 ಗಂಟೆಯೂ ಇದೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಮೊದಲು ರೆಕಾರ್ಡ್ ಮಾಡಿದ ದನಿ ಭಾಷೆ ಆರಿಸಲು ಹೇಳುತ್ತದೆ. ಬಹಳ ಜನ ‘ಇದು ಕಂಪನಿ ಕಾಲ್ ಥರ ಇದೆ’ ಎಂದು ಅಲ್ಲೇ ಕಟ್ ಮಾಡುತ್ತಾರೆ, ಅದಕ್ಕೇ ನೀವು ಪಕ್ಕದಲ್ಲಿದ್ದು ಆಪ್ತಸಮಾಲೋಚಕರ ದನಿ ಬರುವವರೆಗೆ ಹಿಡಿದಿಡಿ. ದನಿ ಬಂದ ಮೇಲೆ ಫೋನನ್ನು ಅವರ ಕೈಗೆ ಕೊಟ್ಟು ನಾಲ್ಕು ಹೆಜ್ಜೆ ದೂರ ಹೋಗಿ. ಅಗತ್ಯ ಬಿದ್ದರೆ ಕರೆಯನ್ನು ಮನೋವೈದ್ಯರಿಗೆ ದಾಟಿಸುತ್ತಾರೆ. ಮನೆಯವರು ತಮ್ಮ ಪರವಾಗಿ ಕರೆ ಮಾಡಿ ‘ಇವರನ್ನು ಹೇಗೆ ನೋಡಿಕೊಳ್ಳಲಿ’ ಎಂದು ಕೇಳಲೂ ಅಡ್ಡಿಯಿಲ್ಲ.

ತುಮಕೂರಿನ ಜಿಲ್ಲಾ ಆಸ್ಪತ್ರೆಯಲ್ಲಿ ಮನೋರೋಗ ವಿಭಾಗಕ್ಕೆ ತೋರಿಸಬಹುದು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಡಿ ಔಷಧಿ ಉಚಿತ. ತಾಲ್ಲೂಕಿನವರು ತಮ್ಮ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಯಾವ ಮಂಗಳವಾರ ಬರುತ್ತಾರೆಂದು ಕೇಳಿ. ಮನೋಚೈತನ್ಯ ಎಂಬ ಹೆಸರಿನ ಸೇವೆ ಅದು. ಸೀದಾ ನಿಮ್ಹಾನ್ಸ್‌ಗೇ ಹೋಗಬೇಕೆಂದು ಹಟ ಹಿಡಿದು ವಾರಗಟ್ಟಲೆ ಮುಂದೂಡುವುದಕ್ಕಿಂತ ನಾಳೆ ಬೆಳಿಗ್ಗೆ ಹತ್ತಿರದಲ್ಲಿ ತೋರಿಸುವುದು ಮೇಲು. ತೀವ್ರವಾಗಿದ್ದರೆ ಮಾತ್ರ ಬೇರೆ ಲೆಕ್ಕ, ಆಗ ನಿಮ್ಹಾನ್ಸ್ ತುರ್ತು ವಿಭಾಗ ರಾತ್ರಿಯೂ ತೆರೆದಿರುತ್ತದೆ.

ಖಿನ್ನತೆಯ ಮಾತ್ರೆ ಕೆಲಸ ತೋರಿಸಲು ಎರಡರಿಂದ ನಾಲ್ಕು ವಾರ ಬೇಕು, ಪೂರ್ತಿ ಪರಿಣಾಮಕ್ಕೆ ಇನ್ನೂ ಹೆಚ್ಚು. ಮೊದಲ ವಾರ ವಾಕರಿಕೆ, ಹೊಟ್ಟೆ ತೊಳಸು, ನಿದ್ದೆ ಏರುಪೇರು ಬರಬಹುದು. ‘ಮಾತ್ರೆ ಹಿಡಿಸಲಿಲ್ಲ’ ಎಂದು ಜನ ಬಿಡುವುದು ಈ ಹಂತದಲ್ಲಿ. ಬಿಡದೆ ಡಾಕ್ಟರಿಗೆ ಹೇಳಿದರೆ ಪ್ರಮಾಣವನ್ನೋ ಮಾತ್ರೆಯನ್ನೋ ಬದಲಿಸುತ್ತಾರೆ. ಹುಷಾರಾದ ಮೇಲೂ ಕೆಲವು ತಿಂಗಳು ಮುಂದುವರಿಸಬೇಕಾಗುತ್ತದೆ. ಆ ಮೊದಲ ವಾರಗಳಲ್ಲಿ ಅವರನ್ನು ಒಂಟಿಯಾಗಿ ಬಿಡಬೇಡಿ. ಮಾತ್ರೆ ಡಬ್ಬಿ, ತೋಟಕ್ಕೆ ತಂದ ಔಷಧಿ ಎಲ್ಲ ಬೀಗದೊಳಗಿರಲಿ, ಕೀಲಿ ಇನ್ನೊಬ್ಬರ ಹತ್ತಿರವಿರಲಿ. ದೇವಸ್ಥಾನಕ್ಕೋ ದರ್ಗಾಕ್ಕೋ ಕರೆದುಕೊಂಡು ಹೋಗುತ್ತೇವೆಂದು ಮನೆಯವರು ಹೇಳಿದರೆ ಜಗಳ ಬೇಡ. ಹೋಗಿಬರಲಿ, ಮಾತ್ರೆಯೂ ನಡೆಯಲಿ. ನಿಜವಾಗಿ ಅಡ್ಡಿಯಾಗುವುದು ‘ಹುಡುಗಿಗೆ ಹುಚ್ಚಾಸ್ಪತ್ರೆ ಹೆಸರು ಬಂದರೆ ಮದುವೆ ಆಗಲ್ಲ’ ಎಂಬ ಹೆದರಿಕೆ. ಅದಕ್ಕೆ ಭಾಷಣ ಉಪಯೋಗವಿಲ್ಲ. ಚಿಕಿತ್ಸೆಯಲ್ಲಿರುವವರ ಮಾಹಿತಿಯನ್ನು ಗೋಪ್ಯವಾಗಿಡಬೇಕೆಂದು ಅದೇ 2017ರ ಕಾಯ್ದೆಯಲ್ಲಿದೆ ಎಂದು ತಿಳಿಸಿ, ಮೊದಲ ಸಲ ಜೊತೆಗೆ ಹೋಗಿ ಚೀಟಿ ಮಾಡಿಸಿಕೊಡಿ.

ಸಾವು ನಡೆದೇ ಹೋಗಿದ್ದರೆ

ಬೋಗಿಯಿಂದ ಇಳಿಯಬೇಡಿ. ಆತ್ಮಹತ್ಯೆ ಎಂದು ನೀವೇ ತೀರ್ಪು ಕೊಡಬೇಡಿ. ಹಳಿ ದಾಟುವಾಗ, ಕಿವಿಗೆ ಇಯರ್‌ಫೋನ್ ಹಾಕಿಕೊಂಡು ನಡೆಯುವಾಗ, ಬಾಗಿಲಲ್ಲಿ ಕೂತು ಬಿದ್ದು ಸಾಯುವವರೂ ಇದ್ದಾರೆ. ರೈಲ್ವೆ ಪೊಲೀಸರು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ನೇ ಸೆಕ್ಷನ್‌ನಡಿ ಯುಡಿಆರ್ (ಅಸಹಜ ಸಾವಿನ ವರದಿ) ದಾಖಲಿಸುತ್ತಾರೆ. ಮಹಜರು, ಮರಣೋತ್ತರ ಪರೀಕ್ಷೆ, ಹೇಳಿಕೆ ಎಲ್ಲ ಮುಗಿದ ಮೇಲಷ್ಟೇ ಕಾರಣ ತಿಳಿಯುವುದು.

ಪಾಸಿನವರ ವಾಟ್ಸಾಪ್ ಗುಂಪಿಗೆ ಇಷ್ಟು ಸಾಕು: ‘ಹಳಿಯಲ್ಲಿ ಒಂದು ಘಟನೆಯಾಗಿ ಗಾಡಿ ನಿಂತಿದೆ, ತಡವಾಗಬಹುದು. ಯಾರಿಗಾದರೂ ಮನಸ್ಸಿಗೆ ಕಷ್ಟವಾಗಿದ್ದರೆ 14416.’ ಫೋಟೋ, ಜಾಗ, ಹೇಗಾಯಿತೆಂಬ ವಿವರ, ಸತ್ತವರು ಬರೆದಿಟ್ಟ ಚೀಟಿ, ಹೆಸರು, ‘ಲವ್ ಫೇಲ್ಯೂರ್ ಅಂತೆ’ ಯಾವುದೂ ಬೇಡ. ಅಂತಹ ವಿವರ ಹರಡಿದರೆ, ಆಗಲೇ ನೋವಿನಲ್ಲಿರುವ ಇನ್ನೊಬ್ಬರಿಗೆ ಅದೇ ದಾರಿ ಕಣ್ಣ ಮುಂದೆ ಬರುತ್ತದೆ. ಭಾರತೀಯ ಪತ್ರಿಕಾ ಮಂಡಳಿ 2019ರಲ್ಲಿ ಪತ್ರಿಕೆಗಳಿಗೆ ಇಂಥದ್ದೇ ಮಾರ್ಗಸೂಚಿ ಕೊಟ್ಟಿದೆ. ಒಂದೇ ಕಾರಣವನ್ನು ಹುಡುಕುವುದೂ ಸುಳ್ಳು ದಾರಿ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ 2022ರ ಲೆಕ್ಕದಲ್ಲಿ ದೇಶದಲ್ಲಿ 1,70,924 ಮಂದಿ ಆತ್ಮಹತ್ಯೆಯಿಂದ ತೀರಿಕೊಂಡಿದ್ದಾರೆ. ಅದರಲ್ಲಿ ಕೌಟುಂಬಿಕ ಸಮಸ್ಯೆ ಮತ್ತು ಅನಾರೋಗ್ಯ ಎಂದು ಬರೆದವೇ ಅರ್ಧದಷ್ಟು. ಪೊಲೀಸ್ ಫಾರಂನ ಒಂದು ಖಾನೆಯಲ್ಲಿ ಬರೆದ ಕಾರಣದ ಹಿಂದೆ ಹತ್ತು ಇರುತ್ತವೆ. ವಿಡಿಯೋ ಬಂದರೆ ಅಡ್ಮಿನ್ ಅದನ್ನು ಒತ್ತಿ ಹಿಡಿದು ‘ಎಲ್ಲರಿಗೂ ಅಳಿಸಿ’ ಆರಿಸಬೇಕು. ಬೇರೆಯವರು ಹಾಕಿದ್ದನ್ನೂ ಅಡ್ಮಿನ್ ಅಳಿಸಬಹುದು. ಹಾಕಿದವರಿಗೆ ಗುಂಪಿನಲ್ಲಿ ಬೈಯದೆ ಬೇರೆಯಾಗಿ ಹೇಳಿ, ಇಲ್ಲದಿದ್ದರೆ ಚರ್ಚೆ ವಿಡಿಯೋ ಸುತ್ತಲೇ ಸುತ್ತುತ್ತದೆ.

‘ಇವನಿಗೆ ನಮ್ಮ ಗಾಡಿನೇ ಬೇಕಿತ್ತಾ’ ಅನ್ನುವವರ ಆಫೀಸಿನ ಹಾಜರಿ ಚಿಂತೆ ಸುಳ್ಳಲ್ಲ. ಆದರೆ ಅದೇ ಬೋಗಿಯಲ್ಲಿ ಆ ಮನೆಯವರೋ ಅಂಥದ್ದೇ ಯೋಚನೆಯಲ್ಲಿರುವ ಒಬ್ಬರೋ ಕೂತಿರಬಹುದು. ಲೋಕೋ ಪೈಲಟ್ ಮೇಲೆ ಕೂಗಾಡುವುದಂತೂ ಅನ್ಯಾಯ. ಕಣ್ಣಾರೆ ಕಂಡದ್ದು ಅವರು, ದೇಹ ಎತ್ತಬೇಕಾದದ್ದು ಸಿಬ್ಬಂದಿ ಮತ್ತು ಪೊಲೀಸರು. ಅವರಿಗೂ ರಾತ್ರಿ ಅದೇ ಕಾಣುತ್ತದೆ. ಧೈರ್ಯಕ್ಕೆಂದು ಎಣ್ಣೆ ಹೊಡೆಸುವ ಪದ್ಧತಿ ನಿದ್ದೆಯನ್ನು ಇನ್ನಷ್ಟು ಕೆಡಿಸುತ್ತದೆ. ನಿದ್ದೆ ಬರದಿರುವುದು, ಬೆಚ್ಚಿಬೀಳುವುದು ತಿಂಗಳು ದಾಟಿದರೆ ಅವರೂ ತೋರಿಸಿಕೊಳ್ಳಬೇಕು.

ಆ ಮನೆಗೆ

ಮೊದಲ ಎರಡು ದಿನ ಮನೆಯವರಿಗೆ ಬೇಕಾದದ್ದು ಓಡಾಡುವ ಒಬ್ಬ ಮನುಷ್ಯ. ಪ್ರಕರಣ ಯಾವ ರೈಲ್ವೆ ಪೊಲೀಸ್ ಠಾಣೆಗೆ ಸೇರುತ್ತದೆಂದು ಸ್ಟೇಷನ್ ಮಾಸ್ಟರ್ ಹತ್ತಿರ ಕೇಳಿಕೊಳ್ಳಿ. ಗುರುತು ಹಿಡಿಯಲು ತಾಯಿಯನ್ನೋ ಹೆಂಡತಿಯನ್ನೋ ಕಳಿಸದೆ ಹತ್ತಿರದ ಬೇರೆ ಯಾರಾದರೂ ಹೋದರೆ ಒಳ್ಳೆಯದು. ಮೃತರ ಆಧಾರ್ ಜೊತೆಗಿರಲಿ. ಯುಡಿಆರ್ ಪ್ರತಿ ಮತ್ತು ಮರಣೋತ್ತರ ವರದಿಗೆ ಅರ್ಜಿ ಕೊಟ್ಟು ನಂಬರ್ ಬರೆದಿಟ್ಟುಕೊಳ್ಳಿ. ಮರಣದ ನೋಂದಣಿ 21 ದಿನದೊಳಗೆ ಆದರೆ ದಂಡವಿಲ್ಲ. ಆದರೆ ಅದು ನಡೆಯುವುದು ಸಾವಾದ ಜಾಗದಲ್ಲಿ, ಊರಿನಲ್ಲಲ್ಲ. ತಿಪಟೂರಿನವರು ತುಮಕೂರಿನಲ್ಲಿ ತೀರಿಕೊಂಡಿದ್ದರೆ ತಿಪಟೂರಿನಲ್ಲಿ ಅಲೆದು ಪ್ರಯೋಜನವಿಲ್ಲ.

ಮಾತಾಡಲು ಹೋದವರು ‘ಮೊದಲೇ ಗೊತ್ತಾಗಲಿಲ್ವಾ?’ ಎಂದು ಕೇಳಬಾರದು. ಆ ಪ್ರಶ್ನೆಯನ್ನು ಅವರು ತಮಗೆ ತಾವೇ ಸಾವಿರ ಸಲ ಕೇಳಿಕೊಂಡಿರುತ್ತಾರೆ. ಸತ್ತವರ ಹೆಸರು ಹಿಡಿದು ಮಾತಾಡಿ, ಅವರ ಕೆಲಸ, ಅವರ ತಮಾಷೆ ನೆನಪಿಸಿ. ಮಕ್ಕಳಿಗೆ ‘ಅಪ್ಪ ದುಬೈಗೆ ಹೋಗಿದಾರೆ’ ಎಂಬ ಕಥೆ ಬೇಡ. ಶಾಲೆಯಲ್ಲಿ ಒಂದು ದಿನ ಇನ್ನೊಂದು ಮಗು ಹೇಳಿಯೇ ಹೇಳುತ್ತದೆ. ಅವರ ವಯಸ್ಸಿಗೆ ತಕ್ಕಂತೆ, ‘ಅಪ್ಪನಿಗೆ ಮನಸ್ಸಿನ ಕಾಯಿಲೆ ತುಂಬ ಜಾಸ್ತಿಯಾಗಿತ್ತು, ತೀರಿಕೊಂಡ್ರು, ಇದು ನಿನ್ನಿಂದ ಆಗಿದ್ದಲ್ಲ’ ಎಂದು ನಂಬಿಕೆಯವರೊಬ್ಬರು ಹೇಳಲಿ.

ತಿಥಿ ಮುಗಿದ ಮೇಲೆ ನೆಂಟರು ಖಾಲಿಯಾಗುತ್ತಾರೆ. ಫೋನ್ ನಿಲ್ಲುತ್ತದೆ, ಬೀದಿಯವರು ಮುಖ ತಿರುಗಿಸುತ್ತಾರೆ. ಅಪಾಯ ಹೆಚ್ಚಿರುವುದು ಆಗ. ಇಂತಹ ಸಾವು ಕಂಡ ಮನೆಯವರಲ್ಲೇ ಅದೇ ಯೋಚನೆ ಬರುವ ಸಾಧ್ಯತೆ ಬೇರೆಯವರಿಗಿಂತ ಜಾಸ್ತಿ. ಆದ್ದರಿಂದ ಫೋನಿನಲ್ಲಿ ಒಂದು ತಿಂಗಳಿಗೆ, ಮೂರು ತಿಂಗಳಿಗೆ, ವರ್ಷದ ದಿನಕ್ಕೆ ನೆನಪಿನ ಗಂಟೆ ಇಟ್ಟುಕೊಳ್ಳಿ. ಗಂಟೆ ಹೊಡೆದ ದಿನ ‘ಏನಾದ್ರೂ ಬೇಕಿದ್ರೆ ಹೇಳಿ’ ಅನ್ನಬೇಡಿ, ಯಾರೂ ಹೇಳುವುದಿಲ್ಲ. ‘ಗುರುವಾರ ಸಂಜೆ ಬರ್ತೀನಿ, ರೇಷನ್ ತರೋದಿದ್ರೆ ಚೀಟಿ ಬರೆದಿಡಿ’ ಅನ್ನಿ.