ಜರ್ಮನಿಯಲ್ಲಿ ಕ್ಯಾಂಪರ್‌ಗೆಂದು ವ್ಯಾನ್ ಕೊಳ್ಳುವವರಿಗೆ: ಫ್ಯಾಕ್ಟರಿಯಿಂದಲೇ ಏನು ಬರಲಿ, ಏನು ಬೇಡ

ಖಾಲಿ ವ್ಯಾನ್ ಕೊಂಡು, ಒಳಗೆ ಹಾಸಿಗೆ, ಅಡುಗೆ ಕಟ್ಟೆ, ನೀರಿನ ಟ್ಯಾಂಕ್ ಕೂರಿಸಿ, ರಜೆ ಸಿಕ್ಕಾಗ ಆಲ್ಪ್ಸ್ ಕಡೆಗೋ ಉತ್ತರ ಸಮುದ್ರದ ಕಡೆಗೋ ಹೊರಡಬೇಕು ಅನ್ನುವ ಆಸೆ ಇಲ್ಲಿರುವ ನಮ್ಮ ಅನೇಕರಿಗೆ ಇದೆ. ಮರಗೆಲಸ, ಸೋಲಾರ್ ಬಗ್ಗೆ ಎಲ್ಲರೂ ತಿಂಗಳುಗಟ್ಟಲೆ ಓದುತ್ತಾರೆ. ವ್ಯಾನ್ ಆರ್ಡರ್ ಮಾಡುವ ದಿನ ಮಾತ್ರ ಡೀಲರ್ ತೋರಿಸಿದ ಪಟ್ಟಿಗೆ ಅರ್ಧ ಗಂಟೆಯಲ್ಲಿ ಸಹಿ ಹಾಕಿ ಬರುತ್ತಾರೆ. ನಾವೂ ಹಾಗೇ ಮಾಡಿದ್ದೆವು. ಆ ಅರ್ಧ ಗಂಟೆಯ ತಪ್ಪುಗಳನ್ನು ಸರಿಮಾಡಲು ಆಮೇಲೆ ಎಷ್ಟು ದುಡ್ಡು, ಎಷ್ಟು ಓಡಾಟ ಬೇಕು ಅಂತ ಗೊತ್ತಾದ ಮೇಲೆ ಇದನ್ನು ಬರೆಯಬೇಕು ಅನ್ನಿಸಿತು.

ಆಪ್ಷನ್ ಪಟ್ಟಿಯ ಒಂದೊಂದು ಸಾಲಿಗೂ ನಾನು ಕೇಳುವುದು ಎರಡೇ ಪ್ರಶ್ನೆ. ಇದನ್ನು ಆಮೇಲೆ ಹಾಕಿಸಿದರೆ ಗಾಡಿ ತಪಾಸಣೆ ಮಾಡುವ ಟ್ಯೂಫ್ ಸಂಸ್ಥೆಯವರು ಒಪ್ಪುತ್ತಾರಾ? ಇದರ ತೂಕ ಎಷ್ಟು? ಬೆಲೆಯ ಪ್ರಶ್ನೆ ಇವೆರಡರ ನಂತರ.

ಮೊದಲು ತೂಕ

ಇಲ್ಲಿನ ಬಿ ಲೈಸೆನ್ಸ್‌ನಲ್ಲಿ, ಅಂದರೆ ಸಾಮಾನ್ಯ ಕಾರಿನ ಲೈಸೆನ್ಸ್‌ನಲ್ಲಿ, ಓಡಿಸಬಹುದಾದದ್ದು 3.5 ಟನ್ ಒಟ್ಟು ತೂಕದ ಗಾಡಿ ಮಾತ್ರ. 1999ಕ್ಕೆ ಮುಂಚೆ ಲೈಸೆನ್ಸ್ ಪಡೆದ ಜರ್ಮನ್ನರು 7.5 ಟನ್‌ವರೆಗೆ ಓಡಿಸುತ್ತಾರೆ. ಅದಕ್ಕೇ ಪಕ್ಕದ ಮನೆಯ ಹಿರಿಯರ ಸಲಹೆ ನಮಗೆ ಯಾವಾಗಲೂ ಹೊಂದುವುದಿಲ್ಲ. ಭಾರತದ ಲೈಸೆನ್ಸ್ ಇಲ್ಲಿ ನೆಲೆಸಿದ ಮೇಲೆ 6 ತಿಂಗಳಷ್ಟೇ ನಡೆಯುತ್ತದೆ. ಆಮೇಲೆ ಥಿಯರಿ, ಪ್ರಾಕ್ಟಿಕಲ್ ಎರಡೂ ಪರೀಕ್ಷೆ ಬರೆದು ಪಾಸಾಗಬೇಕು. ಥಿಯರಿಯನ್ನು ಇಂಗ್ಲಿಷ್‌ನಲ್ಲಿ ಬರೆಯಬಹುದು. ಬಿ ಲೈಸೆನ್ಸ್‌ನಲ್ಲೇ 4.25 ಟನ್‌ವರೆಗಿನ ಕ್ಯಾಂಪರ್ ಓಡಿಸಲು ದಾರಿ ಮಾಡುವ ನಿಯಮವನ್ನು ಯುರೋಪಿಯನ್ ಒಕ್ಕೂಟ 2025ರಲ್ಲಿ ಒಪ್ಪಿದೆ. ಅದು ಜರ್ಮನಿಯ ಕಾನೂನಾಗಿ ಜಾರಿಗೆ ಬರುವವರೆಗೆ 3.5 ಟನ್ ಅಂತಲೇ ಲೆಕ್ಕ ಹಾಕಿ.

ಲೆಕ್ಕ ಹೀಗಿದೆ ನೋಡಿ. 6 ಮೀಟರ್ ಉದ್ದದ, ಫಿಯಟ್ ಕಂಪನಿಯ ಖಾಲಿ ಡುಕಾಟೊ ವ್ಯಾನ್ ಸುಮಾರು 2 ಟನ್ ತೂಗುತ್ತದೆ. ಉಳಿಯುವುದು ಒಂದೂವರೆ ಟನ್. ಸಾಕಷ್ಟಾಯಿತು ಅನ್ನಿಸುತ್ತದೆ, ಅಲ್ವಾ? ಮರದ ಕಪಾಟುಗಳು, ಇನ್ಸುಲೇಷನ್, ಬ್ಯಾಟರಿ, ಫ್ರಿಜ್, 100 ಲೀಟರ್ ನೀರು ಅಂದರೆ 100 ಕೆಜಿ, ನಾಲ್ಕು ಜನ, ಅವರ ಬಟ್ಟೆಬರೆ, ಹಿಂದೆ ನಾಲ್ಕು ಸೈಕಲ್. ಬರೆಯುತ್ತಾ ಹೋದರೆ ಆ ಒಂದೂವರೆ ಟನ್ ಎಲ್ಲಿ ಹೋಯಿತು ಅಂತಲೇ ಗೊತ್ತಾಗುವುದಿಲ್ಲ. ಕಂಪನಿಯ ಪುಸ್ತಿಕೆಯಲ್ಲಿರುವ ಖಾಲಿ ತೂಕ ಯಾವ ಆಪ್ಷನ್ನೂ ಇಲ್ಲದ ಗಾಡಿಯದು. ಫೋರ್ ವೀಲ್ ಡ್ರೈವ್, ಎರಡನೇ ಸ್ಲೈಡಿಂಗ್ ಬಾಗಿಲು, ಟ್ರೇಲರ್ ಕೊಕ್ಕೆ ಎಲ್ಲವೂ ಅದರ ಮೇಲೆ ಕೂಡುತ್ತವೆ. ಗಾಡಿಯ ನೋಂದಣಿ ಪತ್ರದಲ್ಲಿ 'ಜಿ' ಅನ್ನುವ ಖಾನೆಯಲ್ಲಿ ಬರುವ ತೂಕಕ್ಕೆ 75 ಕೆಜಿಯ ಚಾಲಕರೂ ಸೇರಿರುತ್ತಾರೆ. 'ಎಫ್.2' ಖಾನೆಯಲ್ಲಿ ಇರುವುದು ದಾಟಬಾರದ ಒಟ್ಟು ತೂಕ.

ಹಾಗಾಗಿ ಗಟ್ಟಿ ಚಾಸಿ, ಅಂದರೆ ಹೆಚ್ಚು ಭಾರ ಹೊರುವ ತಳಕಟ್ಟು, ತಗೊಳ್ಳಿ ಅನ್ನುವುದು ನನ್ನ ಸಲಹೆ. ಡುಕಾಟೊದಲ್ಲಿ ಅದನ್ನು ಮ್ಯಾಕ್ಸಿ ಅಥವಾ ಹೆವಿ ಅನ್ನುತ್ತಾರೆ. ಲೈಟ್ ಚಾಸಿಗೆ 15 ಇಂಚಿನ ಚಕ್ರ, ಇದಕ್ಕೆ 16 ಇಂಚಿನದು. ಇವತ್ತು 3.5 ಟನ್ ಅಂತಲೇ ನೋಂದಾಯಿಸಿಕೊಳ್ಳಬಹುದು. ಮುಂದೆ ಲೈಸೆನ್ಸ್ ಅನುಮತಿಸಿದರೆ ಕಾಗದದ ಮೇಲೆ ಒಟ್ಟು ತೂಕ ಏರಿಸಿಕೊಳ್ಳುವ ದಾರಿ ತೆರೆದಿರುತ್ತದೆ. ಲೈಟ್ ಚಾಸಿಯನ್ನು ಆಮೇಲೆ ಹೆವಿ ಮಾಡಲು ಆಗುವುದಿಲ್ಲ.

ಉದ್ದ, ಎತ್ತರ, ಅಗಲ

ಇವು ಬದಲಾಗದ ವಿಷಯಗಳು. ಫಿಯಟ್ ಡುಕಾಟೊ, ಪೂಜೊ ಬಾಕ್ಸರ್, ಸಿಟ್ರೊಯೆನ್ ಜಂಪರ್, 2021ರಿಂದ ಓಪೆಲ್ ಮೊವಾನೊ ಇವೆಲ್ಲ ಮೂಲದಲ್ಲಿ ಒಂದೇ ವ್ಯಾನ್. ಒಳಗಿನ ಅಗಲ 1.87 ಮೀಟರ್. ಫೋಕ್ಸ್‌ವಾಗೆನ್ ಕ್ರಾಫ್ಟರ್ ಮತ್ತು ಅದರ ಜೋಡಿಯಾದ ಮಾನ್ ಟಿಜಿಇ 1.83 ಮೀಟರ್. ಮರ್ಸಿಡಿಸ್ ಸ್ಪ್ರಿಂಟರ್ 1.79 ಮೀಟರ್‌ಗೂ ಸ್ವಲ್ಪ ಕಡಿಮೆ. ಈ ಕೆಲವೇ ಸೆಂಟಿಮೀಟರ್‌ಗಳ ಮೇಲೆ ಹಾಸಿಗೆಯ ದಿಕ್ಕು ನಿಂತಿದೆ. ಅಡ್ಡ ಮಲಗಿದರೆ ಅರ್ಧ ಮೀಟರ್‌ನಷ್ಟು ಉದ್ದ ಉಳಿಯುತ್ತದೆ. 1.75 ಮೀಟರ್ ಎತ್ತರದವರು ಡುಕಾಟೊದಲ್ಲಿ ಅಡ್ಡ ಮಲಗಬಹುದು. ಸ್ಪ್ರಿಂಟರ್‌ನಲ್ಲಿ ಇನ್ಸುಲೇಷನ್ ಆದ ಮೇಲೆ ಕಾಲು ಮಡಚಬೇಕಾಗುತ್ತದೆ.

ಡುಕಾಟೊದ ಎಚ್2 ಎತ್ತರದಲ್ಲಿ ಒಳಗೆ 1.93 ಮೀಟರ್ ಸಿಗುತ್ತದೆ, ಎಚ್3ರಲ್ಲಿ 2.17. ನೆಲ, ಚಾವಣಿ ಎರಡೂ ಸೇರಿ 6ರಿಂದ 8 ಸೆಂಟಿಮೀಟರ್ ಕಳೆದುಕೊಳ್ಳಿ. ನಮ್ಮಲ್ಲಿ ಹೆಚ್ಚಿನವರಿಗೆ ಎಚ್2 ಸಾಕು. ಎಲ್3 ಉದ್ದ 5.99 ಮೀಟರ್. ಹಲವು ಫೆರ್ರಿಗಳಲ್ಲಿ 6 ಮೀಟರ್ ದಾಟಿದರೆ ಬೇರೆ ದರ, ಹಾಗಾಗಿ ಈ ಒಂದು ಸೆಂಟಿಮೀಟರ್ ಬೆಲೆ ಬಾಳುತ್ತದೆ.

ಸೀಟುಗಳು: ಇಲ್ಲಿ ತಪ್ಪಬೇಡಿ

ಮಕ್ಕಳಿರುವವರು ಈ ಭಾಗವನ್ನು ಎರಡು ಸಲ ಓದಿ. ಸರಕು ವ್ಯಾನ್ ಅಂದರೆ ಮುಂದೆ ಎರಡು ಅಥವಾ ಮೂರು ಸೀಟು, ಅಷ್ಟೇ. ಹಿಂದೆ ಸುಮ್ನೆ ಒಂದು ಬೆಂಚು ಮಾಡಿ, ಬೆಲ್ಟು ಬಿಗಿದರೆ ಅದು ಸೀಟು ಆಗುವುದಿಲ್ಲ. ಬೆಂಚು, ಅದರ ಬುಡದ ಬೋಲ್ಟು, ಬೆಲ್ಟು ಎಳೆದಾಗ ತಡೆಯುವ ಶಕ್ತಿ ಎಲ್ಲಕ್ಕೂ ಪರೀಕ್ಷೆಯ ದಾಖಲೆ ಬೇಕು. ಪಕ್ಕಕ್ಕೆ ಮುಖ ಮಾಡಿದ ಬೆಂಚು ಪ್ರಯಾಣದ ಸೀಟಾಗಿ ಲೆಕ್ಕಕ್ಕೆ ಬರುವುದಿಲ್ಲ. ದಾಖಲೆ ಇರುವ ಬೆಂಚನ್ನು ಆಮೇಲೆ ಹಾಕಿಸುವುದು ಸಾಧ್ಯ, ಆದರೆ ದುಬಾರಿ. ಫ್ಯಾಕ್ಟರಿಯಿಂದಲೇ ಎರಡನೇ ಸಾಲಿನ ಸೀಟು ಬರುವಂತೆ ಆರ್ಡರ್ ಮಾಡಿದರೆ ನೆಲದ ಬಲಪಡಿಸಿದ ಜಾಗ, ಬೆಲ್ಟು, ಮಕ್ಕಳ ಸೀಟು ಸಿಕ್ಕಿಸುವ ಐಸೊಫಿಕ್ಸ್ ಕೊಂಡಿ, ಪಕ್ಕದ ಕಿಟಕಿ ಎಲ್ಲ ಒಂದೇ ಕಾಗದದಲ್ಲಿ ಬರುತ್ತವೆ. ಇದಕ್ಕೆ ಕೊಡುವ ದುಡ್ಡು ದಂಡವಲ್ಲ.

ಜರ್ಮನಿಯಲ್ಲಿ 12 ವರ್ಷದ ಒಳಗಿನ, 150 ಸೆಂಟಿಮೀಟರ್‌ಗಿಂತ ಕಡಿಮೆ ಎತ್ತರದ ಮಕ್ಕಳಿಗೆ ಮಕ್ಕಳ ಸೀಟು ಕಡ್ಡಾಯ. ಹಿಂದಕ್ಕೆ ಮುಖ ಮಾಡಿದ ಶಿಶು ಸೀಟನ್ನು ಮುಂದೆ ಇಡಬೇಕಾದರೆ ಆ ಕಡೆಯ ಏರ್‌ಬ್ಯಾಗ್ ಆಫ್ ಆಗಿರಲೇಬೇಕು. ಅದನ್ನು ಆಫ್ ಮಾಡುವ ಸ್ವಿಚ್ ಇದೆಯಾ ಅಂತ ಕೇಳಿ ಬರೆಸಿಕೊಳ್ಳಿ.

ಇನ್ನು ಮುಂದಿನ ಸೀಟು. ಸರಕು ವ್ಯಾನ್‌ನಲ್ಲಿ ಚಾಲಕರ ಪಕ್ಕ ಇಬ್ಬರು ಕೂರುವ ಬೆಂಚು ಇರುವುದೇ ಜಾಸ್ತಿ. ಅದನ್ನು ಹಿಂದಕ್ಕೆ ತಿರುಗಿಸಿ ಊಟದ ಜಾಗ ಮಾಡಿಕೊಳ್ಳುವುದು ಕಷ್ಟ. ನಮಗೆ ಬಂದದ್ದೂ ಅದೇ ಬೆಂಚು. 'ಆಮೇಲೆ ಬದಲಾಯಿಸಿಕೊಳ್ಳಿ, ಏನೂ ತೊಂದರೆ ಇಲ್ಲ' ಅಂದಿದ್ದರು ಡೀಲರ್. ಒಂಟಿ ಸೀಟು ಬೇರೆ ಕೊಂಡೆವು, ತಿರುಗುವ ಬುಡ ಬೇರೆ ಕೊಂಡೆವು, ಸೀಟಿನ ಏರ್‌ಬ್ಯಾಗ್ ವೈರು ಹೊಂದಿಸಲು ವರ್ಕ್‌ಶಾಪ್‌ಗೆ ಹೋದೆವು, ಸೀಟಿನ ಸಂಖ್ಯೆ ತಿದ್ದಿಸಲು ಕಚೇರಿಗೂ ಹೋದೆವು. ಆರ್ಡರ್ ಮಾಡುವಾಗಲೇ 'ಐನ್‌ಝೆಲ್‌ಝಿಟ್ಸ್', ಅಂದರೆ ಒಂಟಿ ಸೀಟು, ಮತ್ತು 'ಡ್ರೇಝಿಟ್ಸ್', ಅಂದರೆ ತಿರುಗುವ ಸೀಟು, ಎರಡನ್ನೂ ಹೆಸರಿಟ್ಟು ಕೇಳಿ. ತಿರುಗುವ ಸೀಟಿನ ಜೊತೆ ಎಲೆಕ್ಟ್ರಿಕ್ ಹ್ಯಾಂಡ್‌ಬ್ರೇಕ್ ಸಿಕ್ಕರೆ ಬಿಡಬೇಡಿ. ಬಾಗಿಲ ಪಕ್ಕದ ಹಳೆಯ ಹಿಡಿಕೆ ಚಾಲಕರ ಸೀಟು ತಿರುಗುವಾಗ ಅಡ್ಡ ಬರುತ್ತದೆ.

ಬೇಡ ಅನ್ನಬೇಕಾದವು

ಚಾಲಕರ ಬೆನ್ನ ಹಿಂದಿನ ಕಬ್ಬಿಣದ ಗೋಡೆಗೆ 'ಟ್ರೆನ್‌ವಾಂಡ್' ಅನ್ನುತ್ತಾರೆ. ಅದಿಲ್ಲದೆ ಗಾಡಿ ಕೊಡಿ ಅಂತ ಕೇಳಬಹುದು. ಕೆಲವು ಮಾದರಿಗಳಲ್ಲಿ ಅದನ್ನು ತೆಗೆಸುವುದೇ ಒಂದು ಆಪ್ಷನ್. ಕಾರ್ಖಾನೆಯ ಮರದ ನೆಲ, ಗೋಡೆಯ ಹಲಗೆ ಎರಡೂ ಬೇಡ. ನೀವು ಇನ್ಸುಲೇಷನ್ ಹಾಕುವಾಗ ಅವನ್ನು ಕಿತ್ತು ಬಿಸಾಡುತ್ತೀರಿ.

ಸರಕು ಜಾಗದ ಪಕ್ಕದ ಕಿಟಕಿಗಳನ್ನು ನಾನು ಫ್ಯಾಕ್ಟರಿಯಿಂದ ತಗೊಳ್ಳುವುದಿಲ್ಲ, ಎರಡನೇ ಸಾಲಿನ ಸೀಟು ಇದ್ದರೆ ಮಾತ್ರ ಬೇರೆ ಮಾತು. ಒಂಟಿ ಗಾಜು ಚಳಿಗಾಲದಲ್ಲಿ ರಾತ್ರಿಯಿಡೀ ಬೆವರುತ್ತದೆ. ಕ್ಯಾಂಪರ್‌ಗೆಂದೇ ಮಾಡಿದ ಎರಡು ಪದರದ ಅಕ್ರಿಲಿಕ್ ಕಿಟಕಿ ಹೊರಕ್ಕೆ ತೆರೆಯುತ್ತದೆ, ಬೆಚ್ಚಗೂ ಇಡುತ್ತದೆ. ಅದರ ಮೇಲೆ ವೃತ್ತದೊಳಗಿನ 'ಇ' ಗುರುತು ಇರಬೇಕು, ಅಷ್ಟು ನೋಡಿಕೊಳ್ಳಿ. ಹಿಂದಿನ ಬಾಗಿಲಿಗೆ ಗಾಜು ಬೇಡ ಅನ್ನುವವರು ಹಿಂಬದಿ ಕ್ಯಾಮೆರಾ ತಗೊಳ್ಳಲೇಬೇಕು.

ವಿದ್ಯುತ್ ಮತ್ತು ಶಾಖ

ಯೂರೋ 6 ಹೊಗೆ ನಿಯಮದ ಗಾಡಿಗಳ ಆಲ್ಟರ್ನೇಟರ್, ಅಂದರೆ ಇಂಜಿನ್ನಿನಿಂದ ವಿದ್ಯುತ್ ತಯಾರಿಸುವ ಯಂತ್ರ, ಇಂಧನ ಉಳಿಸಲು ವೋಲ್ಟೇಜ್ ಏರಿಸಿ ಇಳಿಸುತ್ತದೆ. ಒಳಗಿನ ಬ್ಯಾಟರಿಯನ್ನು ನೇರವಾಗಿ ಅದಕ್ಕೆ ಜೋಡಿಸಿದರೆ ಪೂರ್ತಿ ಚಾರ್ಜ್ ಆಗುವುದಿಲ್ಲ. ನಡುವೆ 'ಲಾಡೆಬೂಸ್ಟರ್' ಅನ್ನುವ ಪೆಟ್ಟಿಗೆ ಬೇಕು, ಅದನ್ನು ನೀವೇ ಹಾಕಿಸುತ್ತೀರಿ. ಫ್ಯಾಕ್ಟರಿಯಿಂದ ಕೇಳಬೇಕಾದದ್ದು ದೊಡ್ಡ ಆಲ್ಟರ್ನೇಟರ್ ಮತ್ತು ಹೊರಗಿನ ಉಪಕರಣ ಜೋಡಿಸಲು ಬಿಟ್ಟುಕೊಟ್ಟ, ವೈರು ಸಿಕ್ಕಿಸುವ ಕನೆಕ್ಷನ್ ಟರ್ಮಿನಲ್. ಈ ಟರ್ಮಿನಲ್ ಅಗ್ಗದ ಆಪ್ಷನ್, ಆದರೆ ಇಂಜಿನ್ ಚಾಲೂ ಇದೆಯಾ ಇಲ್ಲವಾ ಅನ್ನುವ ಸಂಕೇತವನ್ನು ಮೂಲ ವೈರು ಕತ್ತರಿಸದೆ ಅಲ್ಲಿಂದ ಪಡೆಯಬಹುದು. ಗ್ಯಾರಂಟಿ ಇರುವ ಗಾಡಿಯಲ್ಲಿ ಇದು ದೊಡ್ಡ ನೆಮ್ಮದಿ.

'ಶ್ಟಾಂಡ್‌ಹೈಟ್ಸುಂಗ್' ಅನ್ನುವ ಪದಕ್ಕೆ ಇಲ್ಲಿ ಎರಡು ಅರ್ಥ. ಒಂದು ಇಂಜಿನ್ನಿನ ನೀರನ್ನು ಬೆಳಿಗ್ಗೆ ಬೆಚ್ಚಗೆ ಮಾಡುವುದು. ಇನ್ನೊಂದು ಗಾಳಿಯನ್ನೇ ಬಿಸಿ ಮಾಡಿ ಕೋಣೆಗೆ ಊದುವುದು. ಮಲಗುವವರಿಗೆ ಬೇಕಾದದ್ದು ಎರಡನೆಯದು. ಫ್ಯಾಕ್ಟರಿಯ ಹೀಟರ್ ದುಬಾರಿ ಅನ್ನಿಸಿದರೆ, ಡೀಸೆಲ್ ಟ್ಯಾಂಕ್‌ನಿಂದ ಹೀಟರ್‌ಗೆ ಇಂಧನ ತೆಗೆಯುವ ಕೊಳವೆಯನ್ನಾದರೂ ಹಾಕಿಸಿಕೊಳ್ಳಿ. ಆಮೇಲೆ ಟ್ಯಾಂಕ್ ಇಳಿಸುವ ಕೆಲಸ ತಪ್ಪುತ್ತದೆ. ಡೀಸೆಲ್ ಹೀಟರ್‌ನ ಪರ ಇನ್ನೊಂದು ಮಾತು: ಗಾಡಿಯಲ್ಲಿ ಗ್ಯಾಸ್ ವ್ಯವಸ್ಥೆ ಕೂರಿಸಿದರೆ ಎರಡು ವರ್ಷಕ್ಕೊಮ್ಮೆ ಅದರ ಪರೀಕ್ಷೆ ಮಾಡಿಸಬೇಕು. 2025ರ ಜೂನ್‌ನಿಂದ ಅದು ಕಡ್ಡಾಯವಾಗಿದೆ.

ಲಾರಿಯಿಂದ ಕ್ಯಾಂಪರ್‌ಗೆ

ನೀವು ಕೊಳ್ಳುವ ವ್ಯಾನ್ ಕಾಗದದಲ್ಲಿ 'ಎಲ್‌ಕಾವೇ', ಅಂದರೆ ಲಾರಿ. ಒಳಗಿನ ಕೆಲಸ ಮುಗಿದ ಮೇಲೆ ಟ್ಯೂಫ್, ಡೆಕ್ರಾ ಥರದ ಸಂಸ್ಥೆಯ ಪರಿಣತರು ನೋಡಿ ವರದಿ ಕೊಡುತ್ತಾರೆ. ಅದನ್ನು ನೋಂದಣಿ ಕಚೇರಿಗೆ ಕೊಟ್ಟರೆ ಗಾಡಿ 'ವೋನ್‌ಮೊಬಿಲ್' ಆಗುತ್ತದೆ. ಅವರು ನೋಡುವ ಮುಖ್ಯ ಅಂಶಗಳು: ಕೂರುವ ಜಾಗ ಮತ್ತು ಮೇಜು, ಮಲಗುವ ಜಾಗ, ಅಡುಗೆ ವ್ಯವಸ್ಥೆ, ಸಾಮಾನು ಇಡುವ ಕಪಾಟು. ಇವು ಗಾಡಿಗೆ ಬಿಗಿಯಾಗಿ ಕೂತಿರಬೇಕು. ಮೇಜನ್ನು ಮಾತ್ರ ತೆಗೆದಿಡುವಂತೆ ಮಾಡಬಹುದು. ತಿರುಗುವ ಮುಂದಿನ ಸೀಟಿಗೆ ಎದುರಾಗಿ ಮೇಜು ಬಂದರೆ ಚಿಕ್ಕ ಗಾಡಿಯಲ್ಲೂ ಕೂರುವ ಜಾಗದ ಅಂಶ ಸಲೀಸಾಗಿ ಮುಗಿಯುತ್ತದೆ. ಸೀಟಿನ ಬಗ್ಗೆ ಅಷ್ಟು ಒತ್ತಿ ಹೇಳಿದ್ದು ಇದಕ್ಕೂ ಸೇರಿ.

ಕೆಲಸ ಶುರು ಮಾಡುವ ಮುಂಚೆಯೇ ಆ ಪರಿಣತರನ್ನು ಒಮ್ಮೆ ಭೇಟಿ ಮಾಡಿ, ನಕ್ಷೆ ಮತ್ತು ಆಪ್ಷನ್ ಪಟ್ಟಿ ತೋರಿಸಿ. ಕಡೆಯಲ್ಲಿ ಸಹಿ ಹಾಕುವವರು ಅವರೇ. ಪ್ರತಿ ಕಂಪನಿಯೂ 'ಔಫ್‌ಬೌರಿಶ್ಟ್‌ಲೀನಿಯೆನ್' ಅನ್ನುವ ಕೈಪಿಡಿ ಕೊಡುತ್ತದೆ. ಎಲ್ಲಿ ತೂತು ಕೊರೆಯಬಹುದು, ಎಲ್ಲಿ ಕೊರೆಯಬಾರದು ಅಂತ ಅದರಲ್ಲಿದೆ.

ಸಹಿ ಹಾಕುವ ಮುಂಚೆ

ಸರಕು ವ್ಯಾನ್‌ಗಳ ಬೆಲೆಯನ್ನು ಡೀಲರುಗಳು ಅನೇಕ ಸಲ 'ನೆಟ್ಟೊ' ಹೇಳುತ್ತಾರೆ, ಅಂದರೆ ತೆರಿಗೆ ಬಿಟ್ಟು. ವ್ಯಾಪಾರಿಗಳಿಗೆ ಅದು ಸರಿ. ನಮಗೆ 19% ತೆರಿಗೆ ಕೂಡುತ್ತದೆ. 40,000 ಯೂರೋ ಅಂದದ್ದು 47,600 ಆಗುತ್ತದೆ. ಆಪ್ಷನ್‌ಗಳ ಬೆಲೆಗೂ ಇದೇ ಲೆಕ್ಕ.

ಮೇಲೆ 'ಫೆರ್‌ಬಿಂಡ್‌ಲಿಶೆ ಬೆಶ್ಟೆಲ್ಲುಂಗ್' ಅಂತ ಇರುವ ಕಾಗದ ಕೊಟೇಷನ್ ಅಲ್ಲ, ನಿಮ್ಮನ್ನು ಕಟ್ಟಿಹಾಕುವ ಆರ್ಡರ್. ಸಾಲವಿಲ್ಲದೆ, ಡೀಲರ್ ಅಂಗಡಿಯಲ್ಲೇ ಕೂತು ಸಹಿ ಹಾಕಿದರೆ 14 ದಿನದೊಳಗೆ ಹಿಂದೆಗೆಯುವ ಹಕ್ಕು ಇರುವುದಿಲ್ಲ. ಹಾಗಾಗಿ ಆ ಕಾಗದವನ್ನು ಮನೆಗೆ ತಂದು, ನಿಧಾನವಾಗಿ ಓದಿ. ಬಾಯಲ್ಲಿ ಒಪ್ಪಿದ್ದೆಲ್ಲ ಸಾಲಾಗಿ ಇದೆಯಾ ನೋಡಿ. ಆರ್ಡರ್ ಆದ ಮೇಲೆ ಬರುವ ದೃಢೀಕರಣ ಪತ್ರವನ್ನೂ ಅದರ ಪಕ್ಕ ಇಟ್ಟು ಹೋಲಿಸಿ.

ಡೀಲರ್ ಹತ್ತಿರ ಸಿದ್ಧವಾಗಿ ನಿಂತಿರುವ ಗಾಡಿ, ಅಥವಾ ಒಂದು ದಿನಕ್ಕೆ ಮಾತ್ರ ನೋಂದಾಯಿಸಿದ ಗಾಡಿ ಅಗ್ಗಕ್ಕೆ ಸಿಗುತ್ತದೆ. ಬೇಡ ಅನ್ನುವುದಿಲ್ಲ. ಚಾಸಿ ಮತ್ತು ಸೀಟು ಸರಿಯಿದ್ದರೆ ಉಳಿದದ್ದರಲ್ಲಿ ಹೊಂದಿಕೊಳ್ಳಬಹುದು. ಹಳೆಯದಿರಲಿ ಹೊಸದಿರಲಿ, ಗಾಡಿಯ ಎಫ್‌ಐಎನ್, ಅಂದರೆ ಚಾಸಿ ಸಂಖ್ಯೆ, ಕೊಟ್ಟರೆ ಅದೇ ಕಂಪನಿಯ ಡೀಲರ್ ಅದರಲ್ಲಿರುವ ಆಪ್ಷನ್‌ಗಳ ಪಟ್ಟಿ ತೆಗೆದುಕೊಡಬಲ್ಲರು. ಜಾಹೀರಾತಿನ ಮಾತಿಗಿಂತ ಆ ಪಟ್ಟಿಯನ್ನು ನಂಬಿ.

ಗಾಡಿ ಕೈಗೆ ಬಂದ ದಿನ, ಒಂದು ಹಲಗೆಯನ್ನೂ ಒಳಗೆ ಇಡುವ ಮುಂಚೆ, ಲಾರಿಗಳನ್ನು ತೂಗುವ ಹತ್ತಿರದ ವೇಬ್ರಿಡ್ಜ್‌ಗೆ ಹೋಗಿ. ಪೂರ್ತಿ ಗಾಡಿ, ಮುಂದಿನ ಆಕ್ಸಲ್, ಹಿಂದಿನ ಆಕ್ಸಲ್ ಮೂರನ್ನೂ ಬೇರೆಬೇರೆಯಾಗಿ ತೂಗಿಸಿ, ಚೀಟಿ ಇಸಿದುಕೊಳ್ಳಿ. ನಮ್ಮ ಚೀಟಿಯನ್ನು ಗಾಡಿಯ ಕಪಾಟಿನ ಬಾಗಿಲಿನ ಒಳಗಡೆ ಅಂಟಿಸಿದ್ದೇವೆ. ಹೊಸದಾಗಿ ಏನು ಕೂರಿಸಿದರೂ ಅದರ ಕೆಳಗೆ ತೂಕ ಬರೆಯುತ್ತೇವೆ.