ಸ್ವಿಟ್ಜರ್ಲೆಂಡಿನಲ್ಲಿ ಮನೆ ಬದಲಿಸುವ ಮುಂಚೆ

ಕಡಿಮೆ ತೆರಿಗೆಗಾಗಿ ಕ್ಯಾಂಟನ್, ಅಂದರೆ ಇಲ್ಲಿನ ರಾಜ್ಯ, ಬದಲಿಸುತ್ತೇವೆ ಎನ್ನುವ ಕನ್ನಡಿಗರು ನನಗೆ ಪ್ರತಿ ವರ್ಷ ಸಿಗುತ್ತಾರೆ. ಅವರಿಗೆ ನನ್ನ ಮೊದಲ ಪ್ರಶ್ನೆ ಒಂದೇ: ಈ ದೇಶದ ಪೌರತ್ವ ಬೇಕಾ?

ನಾನು ಬಂದು 9 ವರ್ಷವಾಗಿತ್ತು. ಬಾಡಿಗೆ, ತೆರಿಗೆ ಎರಡೂ ಕಡಿಮೆ ಎಂದು ಪಕ್ಕದ ಕ್ಯಾಂಟನ್ನಿಗೆ ಹೋದೆ. ಮರುವರ್ಷ ಪೌರತ್ವ ಕೇಳಲು ಹೋದರೆ, ಅಲ್ಲಿನ ಕಚೇರಿಯವರು ‘ನಮ್ಮೂರಿನಲ್ಲಿ ನಿಮಗೆ ಇನ್ನೂ ಒಂದೇ ವರ್ಷ’ ಎಂದರು. ತೆರಿಗೆಯಲ್ಲಿ ಉಳಿದದ್ದು ಸ್ವಲ್ಪ, ಕಾದದ್ದು ವರ್ಷಗಟ್ಟಲೆ.

ಒಕ್ಕೂಟ ಸರ್ಕಾರ ಕೇಳುವುದು 10 ವರ್ಷದ ವಾಸ ಮತ್ತು ಸಿ ಪರ್ಮಿಟ್, ಅಂದರೆ ಕಾಯಂ ವಾಸದ ಪರವಾನಗಿ. ಎಲ್ಲರೂ ಇಷ್ಟಕ್ಕೇ ನಿಲ್ಲುತ್ತಾರೆ. ಆದರೆ 26 ಕ್ಯಾಂಟನ್‌ಗಳೂ ತಮ್ಮಲ್ಲಿ ಇಷ್ಟು ವರ್ಷ ಇರಬೇಕು ಎಂದು ಬೇರೆ ಲೆಕ್ಕ ಇಟ್ಟಿವೆ. ಅದು 2ರಿಂದ 5 ವರ್ಷ. ಕೆಲವು ಕಡೆ ಗೆಮೈಂಡೆ, ಅಂದರೆ ನಮ್ಮ ಪಂಚಾಯಿತಿಯಂಥ ಊರಾಡಳಿತ, ಅದರೊಳಗಿನ ವಾಸವನ್ನೂ ಎಣಿಸುತ್ತಾರೆ. ಊರು ಬಿಟ್ಟರೆ ಎಣಿಕೆ ಮತ್ತೆ ಒಂದರಿಂದ. ಅರ್ಜಿ ಹಾಕಿದ ತಕ್ಷಣ ಹೊರಟರೂ ಕಷ್ಟವೇ. ನೀವು ಇಲ್ಲಿ ಹೊಂದಿಕೊಂಡಿದ್ದೀರಾ ಎನ್ನುವ ವಿಚಾರಣೆ ಮುಗಿಯುವವರೆಗೆ ಅಲ್ಲೇ ಇರಿ.

ದೇಶದೇಶಗಳ ಪ್ರಾಂತ್ಯಗಳಿಗೆ ಎಷ್ಟು ಅಧಿಕಾರವಿದೆ ಎಂದು ಅಳೆಯುವ ‘ರೀಜನಲ್ ಅಥಾರಿಟಿ ಇಂಡೆಕ್ಸ್’ ಇದೆ. ಸ್ವಂತ ತೆರಿಗೆ ಹಾಕಬಹುದಾ, ಸಾಲ ಎತ್ತಬಹುದಾ ಎಂದೆಲ್ಲ ನೋಡಿ ಅಂಕ ಕೊಡುತ್ತಾರೆ. ಯಾವ್ಯಾವ ವಿಷಯ ಕೈಯಲ್ಲಿದೆ ಎಂಬ ಭಾಗದಲ್ಲಿ ಪೂರ್ತಿ ಅಂಕ ಬೇಕಾದರೆ ವಲಸೆ ಅಥವಾ ಪೌರತ್ವದ ಮೇಲೆ ಅಧಿಕಾರ ಇರಲೇಬೇಕು. ಇಲ್ಲಿ ಪೌರತ್ವದ ಮಾತು ಕ್ಯಾಂಟನ್‌ಗಳ ಕೈಯಲ್ಲೂ ಇದೆ. ದೆಹಲಿಯೊಂದೇ ಪೌರತ್ವ ಕೊಡುವ ದೇಶದಿಂದ ಬಂದ ನಮಗೆ ಇದು ಹೊಳೆಯುವುದೇ ಇಲ್ಲ, ಅಲ್ವಾ?

ತೆರಿಗೆಯ ವಿಷಯದಲ್ಲಿ ಇವರ ಪದ್ಧತಿಯೇ ಮೇಲು. ನನ್ನ ಆದಾಯ ತೆರಿಗೆಯಲ್ಲಿ ಗೆಮೈಂಡೆಗೂ ಪಾಲಿದೆ, ದರವನ್ನು ಊರಿನವರೇ ಮತ ಹಾಕಿ ತೀರ್ಮಾನಿಸುತ್ತಾರೆ. 1980ರ ದಶಕದಲ್ಲಿ ಕರ್ನಾಟಕದ ಪಂಚಾಯತ್ ರಾಜ್ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ಜಿಲ್ಲಾ ಪರಿಷತ್ತುಗಳಿಗೆ ಅಷ್ಟು ಶಕ್ತಿ ತುಂಬಿದರೂ, ನಮ್ಮ ಪಂಚಾಯಿತಿಗಳು ಇವತ್ತಿಗೂ ಮೇಲಿನಿಂದ ಬರುವ ಅನುದಾನಕ್ಕೇ ಕಾಯುತ್ತವೆ. ಆದರೆ ಪೌರತ್ವವನ್ನು ಊರೂರಿಗೆ ಬಿಟ್ಟದ್ದು ನನಗೆ ಸರಿಕಾಣುವುದಿಲ್ಲ. ಕೆಲಸ ಹೋದರೆ ಊರು ಬಿಡಲೇಬೇಕಲ್ಲ, ಅದಕ್ಕೂ ಶಿಕ್ಷೆಯೇ?

ಬಿ ಪರ್ಮಿಟ್, ಅಂದರೆ ಅವಧಿ ಮಿತಿಯ ವಾಸದ ಪರವಾನಗಿ, ಇರುವವರಿಗೆ ಇನ್ನೊಂದು ಮಾತು. ಸಂಬಳದಲ್ಲೇ ತೆರಿಗೆ ಹಿಡಿಯುತ್ತಿದ್ದರೆ, ಒಂದೇ ಕ್ಯಾಂಟನ್ನಿನೊಳಗೆ ಅಗ್ಗದ ಊರಿಗೆ ಹೋದರೂ ಆ ಕಡಿತ ಇಳಿಯುವುದಿಲ್ಲ. ಇಡೀ ಕ್ಯಾಂಟನ್ನಿಗೆ ಒಂದೇ ದರಪಟ್ಟಿ.

ಬಾಡಿಗೆ ಕರಾರಿಗೆ ಸಹಿ ಹಾಕುವ ಮುಂಚೆ ಈಗಿನ ಗೆಮೈಂಡೆಗೂ ಹೊಸ ಗೆಮೈಂಡೆಗೂ ಪತ್ರ ಬರೆಯಿರಿ. ಎಷ್ಟು ವರ್ಷ, ಎಲ್ಲಿಂದ ಎಣಿಕೆ ಎಂದು ಕೇಳಿ. ಉತ್ತರ ಬರಹದಲ್ಲೇ ಇರಲಿ.