ಆಂಟಿಬಯೋಟಿಕ್ ಜೊತೆಗೊಂದು ಕ್ಯಾಪ್ಸೂಲ್ ಸುಮ್ನೆ ಬರೆಯೋದನ್ನು ನಾನು ಬಿಟ್ಟದ್ದು

ಸಕಲೇಶಪುರದಲ್ಲಿ ನನ್ನದೊಂದು ಚಿಕ್ಕ ಕ್ಲಿನಿಕ್ ಇದೆ. ಮಳೆ ಹಿಡಿದರೆ ವಾಂತಿ ಭೇದಿ ಕೇಸುಗಳೇ ಜಾಸ್ತಿ. ತೋಟದ ಕೂಲಿಯವರ ಲೈನ್ ಮನೆಗಳಿಂದ ಮಗುವನ್ನು ಕಂಬಳಿಯಲ್ಲಿ ಸುತ್ತಿಕೊಂಡು ಬರುತ್ತಾರೆ. ಮೊದಲ ಕೆಲವು ವರ್ಷ ನಾನು ಯಾವ ಆಂಟಿಬಯೋಟಿಕ್ ಬರೆದರೂ ಅದರ ಕೆಳಗೆ 'ಒಳ್ಳೆ ಬ್ಯಾಕ್ಟೀರಿಯಾ'ದ ಒಂದು ಕ್ಯಾಪ್ಸೂಲ್, ಅಂದರೆ ಪ್ರೊಬಯಾಟಿಕ್, ಸೇರಿಸುತ್ತಿದ್ದೆ. ಸೀನಿಯರ್‌ಗಳು ಬರೆಯುತ್ತಿದ್ದರು, ನಾನೂ ಬರೆದೆ. ಅದರೊಳಗೆ ಯಾವ ಬ್ಯಾಕ್ಟೀರಿಯಾ ಇದೆ ಅಂತ ಡಬ್ಬಿ ತಿರುಗಿಸಿ ಓದಿದವಳಲ್ಲ.

ಒಂದು ದಿನ ಒಬ್ಬರು ಅಜ್ಜಿ ಚೀಟಿ ಹಿಡಿದುಕೊಂಡು ಮೆಡಿಕಲ್ ಶಾಪಿಂದ ವಾಪಸ್ ಬಂದರು. "ಅಲ್ಲ ಡಾಕ್ಟ್ರಮ್ಮ, ಇದರಲ್ಲಿ ಇರೋದು ಮೊಸರಲ್ಲೂ ಐತಂತೆ. ಮನೇಲಿ ಎಮ್ಮೆ ಹಾಲು ಕೊಡ್ತದೆ. ಮತ್ತೆ ಇದಕ್ಯಾಕೆ ಇಷ್ಟು ದುಡ್ಡು ಕೊಡ್ಬೇಕು?" ನನ್ನ ಹತ್ತಿರ ಸರಿಯಾದ ಉತ್ತರ ಇರಲಿಲ್ಲ. ಅವತ್ತು ರಾತ್ರಿಯಿಂದ ಓದೋಕೆ ಶುರು ಮಾಡಿದೆ.

ಓದಿದಾಗ ಮೊದಲು ಅರ್ಥವಾದದ್ದು ತಳಿಯ ವಿಷಯ. ನಮ್ಮ ಕಡೆಯವರಿಗೆ ಇದನ್ನು ಕಾಫಿ ಗಿಡದ ಲೆಕ್ಕದಲ್ಲಿ ಹೇಳಿದರೆ ಬೇಗ ತಲೆಗೆ ಹೋಗುತ್ತದೆ. ಅರೇಬಿಕಾ, ರೋಬಸ್ಟಾ ಎರಡೂ ಕಾಫಿಯೇ. ಅರೇಬಿಕಾದೊಳಗೇ ಎಸ್ 795 ಬೇರೆ, ಚಂದ್ರಗಿರಿ ಬೇರೆ. ಒಂದು ತಳಿಯಲ್ಲಿ ಫಸಲು ಚೆನ್ನಾಗಿ ಬಂತು ಅಂತ ಇನ್ನೊಂದರಲ್ಲೂ ಹಾಗೇ ಬರುತ್ತದೆ ಅಂತ ಯಾವ ಬೆಳೆಗಾರನೂ ನಂಬಲ್ಲ ಅಲ್ವಾ? ಬ್ಯಾಕ್ಟೀರಿಯಾದಲ್ಲೂ ಹಾಗೇ. ಲ್ಯಾಕ್ಟೋಬ್ಯಾಸಿಲಸ್ ಅನ್ನೋದು ಒಂದು ದೊಡ್ಡ ಬಳಗದ ಹೆಸರು. ರ್‍ಯಾಮ್ನೋಸಸ್ ಅದರಲ್ಲಿ ಒಂದು ಜಾತಿ, ಜಿಜಿ ಅನ್ನೋದು ಆ ಜಾತಿಯ ಒಂದು ತಳಿ. ಪರೀಕ್ಷೆ ಮಾಡಿರೋದು ತಳಿಯನ್ನು, ಬಳಗವನ್ನಲ್ಲ. ಡಬ್ಬಿ ಮೇಲೆ ತಳಿಯ ಹೆಸರೇ ಇಲ್ಲದಿದ್ದರೆ ಆ ಡಬ್ಬಿಯನ್ನು ನಾನು ಈಗ ಬರೆಯಲ್ಲ.

ಅಜ್ಜಿಯ ಮೊಸರಿಗೂ ಉತ್ತರ ಅಲ್ಲೇ ಸಿಕ್ಕಿತು. ಒಂದೊಂದು ಮನೆಯ ಹೆಪ್ಪು ಒಂದೊಂದು ಥರ. ಅದರಲ್ಲಿ ಯಾವುದಿದೆ, ಎಷ್ಟಿದೆ ಅಂತ ಹೇಳೋಕಾಗಲ್ಲ, ಜಠರದ ಆಮ್ಲ ದಾಟುವಾಗ ಬಹಳಷ್ಟು ಸತ್ತೂ ಹೋಗುತ್ತವೆ. ಆಹಾರವಾಗಿ ಮೊಸರು ತುಂಬಾ ಒಳ್ಳೆಯದು, ಬಿಡಬೇಡಿ ಅಂತಲೇ ಹೇಳುತ್ತೇನೆ. ಆದರೆ ಔಷಧಿ ಅನ್ನಬೇಕಾದರೆ ಲೆಕ್ಕ ಗೊತ್ತಿರಬೇಕು.

ಮಕ್ಕಳ ಭೇದಿಗೆ ಕೊಡುತ್ತಿದ್ದದ್ದನ್ನು ಬಿಡೋದು ನನಗೆ ಕಷ್ಟವಾಯಿತು. 2018ರಲ್ಲಿ ಅಮೆರಿಕ ಮತ್ತು ಕೆನಡಾದಿಂದ ಎರಡು ದೊಡ್ಡ ಅಧ್ಯಯನ ಒಟ್ಟಿಗೆ ಬಂದವು. ಎರಡೂ ಸೇರಿ 1,800ಕ್ಕೂ ಹೆಚ್ಚು ಪುಟ್ಟ ಮಕ್ಕಳು. ಅರ್ಧ ಮಕ್ಕಳಿಗೆ ಲ್ಯಾಕ್ಟೋಬ್ಯಾಸಿಲಸ್, ಉಳಿದವರಿಗೆ ಏನೂ ಇಲ್ಲದ ಪುಡಿ. ಭೇದಿ ನಿಂತದ್ದರಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಅದಾದ ಮೇಲೆ ತಾಯಂದಿರ ಹತ್ತಿರ ನಾನು ಒಂದೇ ಮಾತು ಹೇಳುತ್ತೇನೆ, ಆ ದುಡ್ಡಲ್ಲಿ ಓಆರ್‌ಎಸ್ ಪೊಟ್ಟಣ ತಗೊಳ್ಳಿ. ಅದರ ಜೊತೆ ಜಿಂಕ್ ಬರೆಯುತ್ತೇನೆ. ಆರು ತಿಂಗಳು ದಾಟಿದ ಮಗುವಿಗೆ ದಿನಕ್ಕೆ 20 ಮಿಲಿಗ್ರಾಂ, ಅದಕ್ಕಿಂತ ಚಿಕ್ಕದಾದರೆ 10, ಭೇದಿ ನಿಂತರೂ 14 ದಿನ.

ಹಾಗಂತ ಇದೆಲ್ಲ ಸುಳ್ಳು ಅಂತಲ್ಲ. 2017ರಲ್ಲಿ ಪ್ರಕಟವಾದ ಒಡಿಶಾದ ಅಧ್ಯಯನ ಓದಿ ನಾನು ರಾತ್ರಿ ತುಂಬಾ ಹೊತ್ತು ಸುಮ್ಮನೆ ಕೂತಿದ್ದೆ. ಹಳ್ಳಿಯ 4,500ಕ್ಕೂ ಹೆಚ್ಚು ಹಸುಗೂಸುಗಳು, ಲ್ಯಾಕ್ಟೋಬ್ಯಾಸಿಲಸ್ ಪ್ಲಾಂಟಾರಮ್‌ನ ಒಂದು ನಿರ್ದಿಷ್ಟ ತಳಿ, ಅದಕ್ಕೆ ಆಹಾರವಾಗಿ ಒಂದು ಥರದ ಸಕ್ಕರೆ, ಕೊಟ್ಟದ್ದು ಬರೀ ಏಳು ದಿನ. ನಂಜು ಅಥವಾ ಸಾವು ಕಂಡ ಮಕ್ಕಳು ನೂರಕ್ಕೆ 9ರಿಂದ 5.4ಕ್ಕೆ ಇಳಿದರು. ಆ ತಳಿ, ಆ ವಯಸ್ಸು, ಆ ಏಳು ದಿನ ಎಲ್ಲವೂ ಕೂಡಿ ಬಂದ ಫಲ ಅದು. ಯಾವುದೋ ಬೇರೆ ಪುಡಿ ಕೊಟ್ಟು ಅದೇ ಫಲ ಕೇಳಬಾರದು.

ದೊಡ್ಡವರಲ್ಲಿ ಆಂಟಿಬಯೋಟಿಕ್‌ನಿಂದಲೇ ಭೇದಿಯಾಗುವ ಸಾಧ್ಯತೆ ಜಾಸ್ತಿ ಇದ್ದರೆ ಸ್ಯಾಕರೋಮೈಸಿಸ್ ಬೌಲಾರ್ಡಿ ಬರೆಯುತ್ತೇನೆ. ಇದು ಬ್ಯಾಕ್ಟೀರಿಯಾ ಅಲ್ಲ, ಯೀಸ್ಟ್. ಅದಕ್ಕೇ ಆಂಟಿಬಯೋಟಿಕ್ ಇದನ್ನು ಕೊಲ್ಲಲ್ಲ, ಎರಡನ್ನೂ ಒಟ್ಟಿಗೆ ನುಂಗಬಹುದು. ಲ್ಯಾಕ್ಟೋಬ್ಯಾಸಿಲಸ್ ಆದರೆ ಎರಡು ಗಂಟೆ ಅಂತರ ಇಡಿ ಅನ್ನುತ್ತೇನೆ. ಇನ್ನೊಂದು ವಿಷಯ ಮಲೆನಾಡಿನವರಿಗೇ ಗೊತ್ತಾಗೋದು. ಜುಲೈಯಲ್ಲಿ ಮರ ಬಿದ್ದು ಮೂರು ದಿನ ಕರೆಂಟ್ ಇಲ್ಲದಿದ್ದರೆ ಫ್ರಿಡ್ಜಿನಲ್ಲೇ ಇರಬೇಕಾದ ಡಬ್ಬಿಯೊಳಗೆ ಬದುಕಿರೋದು ಎಷ್ಟು ಅಂತ ಯಾರು ಹೇಳುತ್ತಾರೆ? ಬ್ಯಾಸಿಲಸ್ ಕ್ಲಾಸಿ ಅನ್ನೋ ಬ್ಯಾಕ್ಟೀರಿಯಾಕ್ಕೆ ಆ ತೊಂದರೆ ಇಲ್ಲ. ಅದು ಗಟ್ಟಿ ಕವಚದ ಬೀಜದ ರೂಪದಲ್ಲಿರುತ್ತದೆ, ಹೊರಗಿಟ್ಟರೂ ನಡೆಯುತ್ತದೆ. ಒಬ್ಬ ತಾಯಿ ಕೊಟ್ಟ ಪುಡಿಯನ್ನು ಬಿಸಿಬಿಸಿ ರಾಗಿ ಗಂಜಿಗೆ ಕಲಸಿ ಕುಡಿಸುತ್ತಿದ್ದರು, ಪಾಪ, ಬಿಸಿಗೆ ಒಳಗಿನ ಜೀವಿಗಳು ಸಾಯುತ್ತವೆ ಅಂತ ಯಾರೂ ಅವರಿಗೆ ಹೇಳಿರಲಿಲ್ಲ. ಈಗ ಚೀಟಿಯಲ್ಲೇ 'ಆರಿದ ನೀರಿನಲ್ಲಿ' ಅಂತ ಬರೆಯುತ್ತೇನೆ.

ಆದರೆ ನನ್ನ ಕೆಲಸವನ್ನು ನಿಜವಾಗಿ ಬದಲಾಯಿಸಿದ್ದು ಒಬ್ಬ ರೋಗಿ. ಅರವತ್ತು ದಾಟಿದವರು, ಸಕ್ಕರೆ ಕಾಯಿಲೆ ಇತ್ತು, ಮೆಣಸು ಕೊಯ್ಯುವಾಗ ಏಣಿಯಿಂದ ಜಾರಿ ಕಾಲಿಗೆ ಗಾಯವಾಗಿತ್ತು. ಬೇರೆ ಬೇರೆ ಕಡೆ ತೋರಿಸಿ ಮೂರು ವಾರದಲ್ಲಿ ಮೂರು ಥರದ ಆಂಟಿಬಯೋಟಿಕ್ ತಿಂದಿದ್ದರು. ನನ್ನ ಹತ್ತಿರ ಬರುವಾಗ ದಿನಕ್ಕೆ ಹತ್ತು ಹನ್ನೆರಡು ಸಲ ಭೇದಿ, ಜ್ವರ, ಹೊಟ್ಟೆ ನುಲಿತ, ಭೇದಿ ನಿಲ್ಲಿಸೋ ಮಾತ್ರೆ ಬೇರೆ ನುಂಗಿದ್ದರು. ನಾನು ಆ ಮಾತ್ರೆ ನಿಲ್ಲಿಸಿ ಮಲ ಪರೀಕ್ಷೆಗೆ ಕಳಿಸಿದೆ. ಕ್ಲಾಸ್ಟ್ರಿಡಿಯಂ ಡಿಫಿಸಿಲ್ ಅನ್ನೋ ಬ್ಯಾಕ್ಟೀರಿಯಾದ ವಿಷ ಪಾಸಿಟಿವ್ ಬಂತು. ನಮ್ಮ ಕರುಳಿನಲ್ಲಿ ಪಿತ್ತರಸವನ್ನು ಮಾರ್ಪಡಿಸುವ ಕೆಲವು ಬ್ಯಾಕ್ಟೀರಿಯಾ ಇರುತ್ತವೆ. ಹಾಗೆ ಮಾರ್ಪಟ್ಟ ಪಿತ್ತ ಈ ಡಿಫಿಸಿಲ್ ತಲೆಯೆತ್ತದಂತೆ ತಡೆಯುತ್ತದೆ. ಆಂಟಿಬಯೋಟಿಕ್ ಅವನ್ನು ಅಳಿಸಿ ಹಾಕಿದಾಗ ಇದಕ್ಕೆ ದಾರಿಯಾಗುತ್ತದೆ. ಗಾಯ ಆರುತ್ತಿತ್ತು, ಹಾಗಾಗಿ ಹಳೆಯ ಆಂಟಿಬಯೋಟಿಕ್ ನಿಲ್ಲಿಸಿ ಬಾಯಿಂದ ವ್ಯಾಂಕೋಮೈಸಿನ್ 10 ದಿನ ಕೊಟ್ಟೆ. ಹುಷಾರಾದರು. ಮತ್ತೆ ಮತ್ತೆ ಮರುಕಳಿಸುವವರಿಗೆ ಆರೋಗ್ಯವಂತರ ಮಲದಿಂದ ತೆಗೆದ ಬ್ಯಾಕ್ಟೀರಿಯಾವನ್ನು ರೋಗಿಯ ಕರುಳಿಗೆ ಸೇರಿಸುವ ಚಿಕಿತ್ಸೆಯೂ ಇದೆ. 2013ರ ಡಚ್ ಅಧ್ಯಯನದಲ್ಲಿ ಹಾಗೆ ಪಡೆದ 16 ಜನರಲ್ಲಿ 15 ಜನ ಗುಣವಾದರು. ಅದನ್ನು ಕೇಳಿ ರೋಗಿಗಳು ಮುಖ ಸಿಂಡರಿಸುತ್ತಾರೆ, ನನಗೆ ಮಾತ್ರ ಅದು ಈ ವಿಷಯದಲ್ಲಿ ಓದಿದ ಅತ್ಯಂತ ಗಟ್ಟಿ ಪುರಾವೆ.

ಇವರಾದ ಮೇಲೆ ನನ್ನ ಚೀಟಿಯಲ್ಲಿ ಕಡಿಮೆಯಾದದ್ದು ಆಂಟಿಬಯೋಟಿಕ್. ನೆಗಡಿಗೆ ಬರೆಯಲ್ಲ, ನೀರು ಭೇದಿಗೆ ಸಾಮಾನ್ಯವಾಗಿ ಬರೆಯಲ್ಲ. ರಕ್ತ ಬಿದ್ದರೆ ಬೇರೆ ಮಾತು. "ಸ್ಟ್ರಾಂಗ್ ಮಾತ್ರೆ ಕೊಡಿ ಡಾಕ್ಟ್ರಮ್ಮ" ಅಂದವರಿಗೆ ಐದು ನಿಮಿಷ ಕೂರಿಸಿ ಹೇಳಬೇಕಾಗುತ್ತದೆ, ಕೆಲವರು ಬೇಜಾರಾಗಿ ಎದ್ದು ಹೋಗಿದ್ದೂ ಇದೆ.

ಕೊಡಬಾರದವರ ವಿಷಯದಲ್ಲಿ ಮಾತ್ರ ನಾನು ಬಹಳ ಬಿಗಿ. ಕೀಮೋ ನಡೆಯುತ್ತಿರುವವರಿಗೆ, ಕುತ್ತಿಗೆಯ ದೊಡ್ಡ ರಕ್ತನಾಳಕ್ಕೆ ಲೈನ್ (ಔಷಧಿ ಹೋಗುವ ಕೊಳವೆ) ಹಾಕಿರುವವರಿಗೆ ಬೌಲಾರ್ಡಿ ಬೇಡವೇ ಬೇಡ. ಅದೇ ಯೀಸ್ಟ್ ರಕ್ತಕ್ಕೆ ಸೇರಿ ಜೀವಕ್ಕೆ ಕುತ್ತಾಗಿರೋದುಂಟು. ಪಕ್ಕದ ಬೆಡ್ಡಿನಲ್ಲಿ ಪುಡಿ ಬಿಚ್ಚಿದ ಕೈಯಿಂದ ಲೈನ್ ಮುಟ್ಟಿದರೂ ಸಾಕು. ಹಾಸನದಲ್ಲೋ ಮಂಗಳೂರಿನಲ್ಲೋ ಕೀಮೋ ಮುಗಿಸಿಕೊಂಡು ಊರಿಗೆ ಬಂದವರು ಹೊಟ್ಟೆ ಸರಿ ಇಲ್ಲ ಅಂತ ಕ್ಲಿನಿಕ್ಕಿಗೆ ಬಂದರೆ ಮೊದಲು ಅವರ ಮಾತ್ರೆ ಚೀಲವನ್ನು ಮೇಜಿನ ಮೇಲೆ ಸುರಿಸಿಕೊಂಡು, ಒಂದೊಂದೇ ಡಬ್ಬಿ ತಿರುಗಿಸಿ ಓದುತ್ತೇನೆ.